ಮೂರು ಗಂಟೆಗೆ ಮಗುವನ್ನು ಕರೆತರುವವರು ಯಾರು?

ಪ್ರಶ್ನೆ: ನನಗೆ 39 ವರ್ಷ. ಮಗಳಿಗೆ 13, ಮಗನಿಗೆ 6. ನಾವಿಬ್ಬರೂ ಕೆಲಸಕ್ಕೆ ಹೋಗುತ್ತೇವೆ. ಇಬ್ಬರ ಆಫೀಸೂ ಮನೆಯಿಂದ 20 ನಿಮಿಷ. ಎರಡು ಬೀದಿ ಆಚೆ ನನ್ನ ಅಪ್ಪ ಒಬ್ಬರೇ ಇದ್ದಾರೆ. ಅವರಿಗೆ 74. ಮಂಡಿ ನೋವಿದೆ, ಆದರೂ ಮಧ್ಯಾಹ್ನ ಮೂರಕ್ಕೆ ಮಗನನ್ನು ಶಾಲೆಯಿಂದ ಕರೆತರುವುದು ಅವರೇ. ಊರಿನ ಇನ್ನೊಂದು ತುದಿಯಲ್ಲಿ ತುಂಬಾ ಹೆಸರಿರುವ ಶಾಲೆಯೊಂದಿದೆ. ನನ್ನ ಅಕ್ಕನ ಮಕ್ಕಳು ಅಲ್ಲೇ ಓದುತ್ತಿದ್ದಾರೆ. ಈಗ ಅಲ್ಲಿ ಮಗನಿಗೆ ಸೀಟು ಸಿಕ್ಕಿದೆ, ಮಗಳಿಗೂ ಕೊಡುತ್ತಾರಂತೆ. ಈಗಿನ ಶಾಲೆ ಕೆಟ್ಟದ್ದೇನಲ್ಲ, ಸಾಧಾರಣ. ಇಲ್ಲಿಂದ ಅಲ್ಲಿಗೆ ಶಾಲಾ ಬಸ್ಸಿನಲ್ಲಿ ಒಂದೂವರೆ ಗಂಟೆ. ಹಾಗಾಗಿ ಸಾಲ ಮಾಡಿ ಅಲ್ಲೇ ಒಂದು ಫ್ಲ್ಯಾಟ್ ಕೊಳ್ಳುವ ಯೋಚನೆ. ಆಗ ನಮ್ಮ ಆಫೀಸುಗಳು 80 ನಿಮಿಷ ದೂರವಾಗುತ್ತವೆ. ನನ್ನ ಕೆಲಸವನ್ನು ಬೇಕಾದರೆ ಬಿಡಬಹುದು. ಅಪ್ಪನನ್ನು ವಾರಕ್ಕೊಮ್ಮೆ ಬಂದು ನೋಡಬಹುದು. ಮಗಳು ಹೊಂದಿಕೊಳ್ಳುತ್ತಾಳೆ. ಗಂಡನನ್ನು ಕೇಳಿದರೆ ‘ನಿನ್ನಿಷ್ಟ’ ಅನ್ನುತ್ತಾರೆ. ಮೂರು ವಾರದೊಳಗೆ ಶುಲ್ಕ ಕಟ್ಟಬೇಕು. ರಾತ್ರಿ ನಿದ್ದೆ ಬರುತ್ತಿಲ್ಲ. ಏನು ಮಾಡಲಿ?

— ತೀರ್ಮಾನಕ್ಕೆ ಬರಲಾಗದ ಅಮ್ಮ

ಉತ್ತರ: ನೀವು ಬರೆದದ್ದು ಎರಡು ಪುಟ. ಇಲ್ಲಿ ಜಾಗ ಸಾಲದೆ ಚಿಕ್ಕದು ಮಾಡಿದ್ದೇನೆ, ಬೇಸರ ಬೇಡ. ಆ ಎರಡು ಪುಟದಲ್ಲಿ ಒಂದು ಪುಟಕ್ಕಿಂತ ಜಾಸ್ತಿ ಬರೀ ಶಾಲೆಯ ವಿಷಯ. ಮೈದಾನ, ಪ್ರಯೋಗಾಲಯ, ಫಲಿತಾಂಶ, ಅಕ್ಕನ ಮಕ್ಕಳು ಮಾತಾಡುವ ರೀತಿ. ಮಗಳ ಬಗ್ಗೆ ಮಾತ್ರ ಎರಡೇ ಪದ: ‘ಮಗಳು ಹೊಂದಿಕೊಳ್ಳುತ್ತಾಳೆ’. ನಿಮ್ಮ ಕೆಲಸದ ಬಗ್ಗೆ ನಾಲ್ಕು ಪದ. ನಿಮ್ಮ ನಿದ್ದೆ ಕೆಡಿಸುತ್ತಿರುವುದು ಆ ಆರು ಪದಗಳು ಅಂತ ನನಗೆ ಅನ್ನಿಸುತ್ತದೆ. ಶಾಲೆಯ ವಿಷಯದಲ್ಲಿ ನಿಮಗೆ ಗೊಂದಲವೇ ಇಲ್ಲವಲ್ಲ.

ನನ್ನ ಅಭಿಪ್ರಾಯ ಮೊದಲೇ ಹೇಳಿಬಿಡುತ್ತೇನೆ. ಈ ವರ್ಷ ಹೋಗಬೇಡಿ. ಫ್ಲ್ಯಾಟನ್ನಂತೂ ಈಗ ಕೊಳ್ಳಲೇಬೇಡಿ. ಯಾಕೆ ಅಂತ ಹೇಳುತ್ತೇನೆ, ಒಪ್ಪುವುದು ಬಿಡುವುದು ನಿಮಗೆ ಬಿಟ್ಟದ್ದು.

ಶಾಲೆ ನೋಡಿ ಮನೆ ಆರಿಸುತ್ತಿದ್ದೇವೆ ಅಂತ ನಾವು ಅಂದುಕೊಳ್ಳುತ್ತೇವೆ. ನಿಜವಾಗಿ ಆರಿಸುವುದು ಒಂದು ದಿನಚರಿಯನ್ನು. ಬೆಳಿಗ್ಗೆ ಎಷ್ಟಕ್ಕೆ ಏಳಬೇಕು, ಮಗುವಿಗೆ ಜ್ವರ ಬಂದರೆ ಯಾರು ರಜೆ ಹಾಕುತ್ತಾರೆ, ಮೂರು ಗಂಟೆಗೆ ಶಾಲೆಯ ಗೇಟಿನ ಮುಂದೆ ಯಾರು ನಿಂತಿರುತ್ತಾರೆ, ಸಂಜೆ ಮನೆಗೆ ಬಂದಾಗ ಮಕ್ಕಳ ಜೊತೆ ಮಾತಾಡುವಷ್ಟು ಶಕ್ತಿ ಉಳಿದಿರುತ್ತದಾ. ಶಾಲೆಯವರು ಕೊಡುವ ಬಣ್ಣದ ಪುಸ್ತಿಕೆಯಲ್ಲಿ ಇದ್ಯಾವುದೂ ಇರುವುದಿಲ್ಲ. ಆದರೆ ಮಗು ದಿನಾ ಬದುಕುವುದು ಇದರೊಳಗೇ.

ಸ್ವಲ್ಪ ಲೆಕ್ಕ ಹಾಕೋಣ. ಈಗ ಆಫೀಸಿಗೆ 20 ನಿಮಿಷ, ಅಲ್ಲಿಂದ 80. ಹೋಗುವಾಗ ಒಂದು ಗಂಟೆ ಜಾಸ್ತಿ, ಬರುವಾಗ ಇನ್ನೊಂದು. ವರ್ಷಕ್ಕೆ 220 ದಿನ ಕೆಲಸ ಅಂತಿಟ್ಟುಕೊಂಡರೆ 440 ಗಂಟೆ. ಹಗಲು ರಾತ್ರಿ ಸೇರಿಸಿ ಎಣಿಸಿದರೂ 18 ದಿನ ದಾಟುತ್ತದೆ. ಅದೂ ಒಬ್ಬರದ್ದು. ಸ್ವಿಟ್ಜರ್ಲೆಂಡಿನ ಅರ್ಥಶಾಸ್ತ್ರಜ್ಞರಾದ ಬ್ರೂನೋ ಫ್ರೈ ಮತ್ತು ಅಲೋಯ್ಸ್ ಸ್ಟುಟ್ಜರ್ ಜರ್ಮನಿಯ ಕುಟುಂಬಗಳ ಹಲವು ವರ್ಷಗಳ ಮಾಹಿತಿ ಇಟ್ಟುಕೊಂಡು ಇದನ್ನೇ ನೋಡಿದ್ದರು. ದೂರ ಓಡಾಡುವವರಿಗೆ ಒಳ್ಳೆಯ ಮನೆಯೋ ಒಳ್ಳೆಯ ಸಂಬಳವೋ ಸಿಕ್ಕಿ, ಆ ಕಷ್ಟ ಅಲ್ಲಿಗೆ ಸರಿಹೋಗಬೇಕಿತ್ತು. ಹಾಗೆ ಆಗಿರಲಿಲ್ಲ. ಓಡಾಟ ಉದ್ದವಾದಷ್ಟೂ ತಮ್ಮ ಬದುಕಿನ ಬಗ್ಗೆ ಜನರ ಸಮಾಧಾನ ಕಡಿಮೆಯಾಗಿತ್ತು. ಹೊಸ ಮನೆಯ ಬಾಲ್ಕನಿ ನಾಲ್ಕು ತಿಂಗಳಲ್ಲಿ ಹಳೆಯದಾಗುತ್ತದೆ. ಸಿಗ್ನಲ್ಲಿನಲ್ಲಿ ಕಾಯುವುದು ಮಾತ್ರ ದಿನಾ ಹೊಸದು.

ಇಲ್ಲೇ ಇದ್ದು ಮಕ್ಕಳನ್ನು ಬಸ್ಸಿಗೆ ಹಾಕಿದರೆ ಅಂತ ಕೇಳಬಹುದು. ಅದೂ ಬೇಡ. 13ರಿಂದ 18 ವರ್ಷದ ಮಕ್ಕಳಿಗೆ 8ರಿಂದ 10 ಗಂಟೆ ನಿದ್ದೆ ಬೇಕು, 6ರಿಂದ 12ರವರಿಗೆ 9ರಿಂದ 12 ಗಂಟೆ. ಇದು ಅಮೆರಿಕದ ನಿದ್ರಾ ವೈದ್ಯರ ಅಕಾಡೆಮಿ 2016ರಲ್ಲಿ ಕೊಟ್ಟ ಲೆಕ್ಕ. ಒಂದೂವರೆ ಗಂಟೆಯ ಬಸ್ಸು ಅಂದರೆ ಐದೂವರೆಗೆ ಏಳಬೇಕು. ಮಗಳು ಒಂಬತ್ತೂವರೆಗೆ ಮಲಗಿದರೆ ಎಂಟು ಗಂಟೆ ಸಿಗುತ್ತದೆ. ಆ ವಯಸ್ಸಿನಲ್ಲಿ ದೇಹದ ಗಡಿಯಾರವೇ ಹಿಂದಕ್ಕೆ ಸರಿದಿರುತ್ತದೆ. ಒಂಬತ್ತೂವರೆಗೆ ಮಲಗು ಅಂದರೆ ಮಲಗಬಹುದು, ನಿದ್ದೆ ಬರುವುದಿಲ್ಲ. ಅದು ಮೊಬೈಲಿನ ತಪ್ಪು ಮಾತ್ರ ಅಲ್ಲ.

ಈಗ ಹೆಸರಿನ ಮಾತು. ಹೆಸರಿರುವ ಶಾಲೆಯ ಫಲಿತಾಂಶ ಚೆನ್ನಾಗಿರುತ್ತದೆ, ನಿಜ. ಆದರೆ ಅದರಲ್ಲಿ ಶಾಲೆಯ ಪಾಲೆಷ್ಟು, ಮೊದಲೇ ಆರಿಸಿ ಸೇರಿಸಿಕೊಂಡ ಮಕ್ಕಳ ಪಾಲೆಷ್ಟು? ಬಾಸ್ಟನ್ ಮತ್ತು ನ್ಯೂಯಾರ್ಕಿನಲ್ಲಿ ಪ್ರವೇಶ ಪರೀಕ್ಷೆ ಬರೆದು ಸೇರುವ ದೊಡ್ಡ ಹೆಸರಿನ ಸರ್ಕಾರಿ ಶಾಲೆಗಳಿವೆ. ಕೂದಲೆಳೆಯಲ್ಲಿ ಸೀಟು ಸಿಕ್ಕಿದವರನ್ನೂ ಕೂದಲೆಳೆಯಲ್ಲಿ ಸೀಟು ತಪ್ಪಿದವರನ್ನೂ ಅರ್ಥಶಾಸ್ತ್ರಜ್ಞರು ಹೋಲಿಸಿದರು. 2014ರಲ್ಲಿ ಪ್ರಕಟವಾದ ಅಧ್ಯಯನ ಅದು. ಮುಂದಿನ ಪರೀಕ್ಷೆಗಳಲ್ಲಿ ಆ ಎರಡು ಗುಂಪಿನ ನಡುವೆ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲ. ಹಾಗಂತ ಶಾಲೆ ಯಾವುದಾದರೂ ಒಂದೇ ಅಂತ ಅಲ್ಲ. ಒಳ್ಳೆಯ ಮೇಷ್ಟ್ರು ಸಿಕ್ಕರೆ ಮಗುವಿನ ದಾರಿಯೇ ಬದಲಾಗಬಹುದು. ಆದರೆ ಮೇಷ್ಟ್ರು ಬೇರೆ, ಹೆಸರಿನ ಬೋರ್ಡು ಬೇರೆ.

ಇದನ್ನು ನಾನು ದುಡ್ಡು ಕೊಟ್ಟು ಕಲಿತವಳು. ನನ್ನ ಮಗ ಚಿಕ್ಕವನಿದ್ದಾಗ ನಾವೂ ಶಾಲೆಗಾಗಿಯೇ ಮನೆ ಬದಲಾಯಿಸಿದ್ದೆವು. ಆ ಶಾಲೆಯ ಮುಖ್ಯೋಪಾಧ್ಯಾಯಿನಿಯ ಮಾತು ಕೇಳಿ ಮರುಳಾಗಿದ್ದೆ. ಎರಡನೇ ವರ್ಷ ಅವರು ಕೆಲಸ ಬಿಟ್ಟು ಹೋದರು, ಹಿಂದೆಯೇ ಅರ್ಧ ಶಿಕ್ಷಕರು ಹೋದರು. ನಮಗೆ ಉಳಿದದ್ದು ಮನೆ ಸಾಲ. ಆಮೇಲೆ ಯಾರೇ ಕೇಳಿದರೂ ಒಂದೇ ಮಾತು ಹೇಳುತ್ತೇನೆ: ಇಲ್ಲಿನ ಶಿಕ್ಷಕರು ಎಷ್ಟು ವರ್ಷದಿಂದ ಇದ್ದಾರೆ ಅಂತ ಮೊದಲು ಕೇಳಿ.

ನೀವೂ ಹೋಗಿ ನೋಡಿ. ಪ್ರವೇಶದ ದಿನ ಬೇಡ, ಅವತ್ತು ಎಲ್ಲವೂ ತೊಳೆದಿಟ್ಟಿರುತ್ತಾರೆ. ಶಾಲೆ ಬಿಡುವ ಹೊತ್ತಿಗೆ ಗೇಟಿನ ಹತ್ತಿರ ಸುಮ್ನೆ ನಿಂತುಕೊಳ್ಳಿ. ಹೊರಗೆ ಬರುವ ಮಕ್ಕಳ ಮುಖ ನೋಡಿ. ಕೇಳಿ ಒಳಗೆ ಹೋಗಲು ಬಿಟ್ಟರೆ ಮಕ್ಕಳ ಶೌಚಾಲಯ ನೋಡಿ, ಲೈಬ್ರರಿಯ ಪುಸ್ತಕಗಳ ಅಂಚು ನೋಡಿ. ಪುಸ್ತಕ ಹೊಸದಾಗಿ ಹೊಳೆಯುತ್ತಿದ್ದರೆ ಯಾರೂ ಮುಟ್ಟಿಲ್ಲ ಅಂತ ಅರ್ಥ. ಮಗು ತಪ್ಪು ಉತ್ತರ ಕೊಟ್ಟಾಗ ಶಿಕ್ಷಕರು ಏನು ಮಾಡುತ್ತಾರೆ ಅನ್ನುವುದನ್ನು ನೋಡುವ ಅದೃಷ್ಟ ಸಿಕ್ಕರೆ ಇನ್ನೇನೂ ನೋಡುವುದು ಬೇಡ. ಇದೇ ಪರೀಕ್ಷೆಯನ್ನು ನಿಮ್ಮ ಈಗಿನ ‘ಸಾಧಾರಣ’ ಶಾಲೆಗೂ ಮಾಡಿ. ಹಿತ್ತಲ ಗಿಡ ಮದ್ದಲ್ಲ ಅನ್ನುವ ಮಾತು ಶಾಲೆಗಳಿಗೂ ಚೆನ್ನಾಗಿ ಹೊಂದುತ್ತದೆ.

ಶಾಲೆ ಬಿಡಿಸಲೇಬೇಕಾದ ಸಂದರ್ಭಗಳೂ ಇವೆ. ಮಗುವನ್ನು ಹೊಡೆಯುತ್ತಾರೆ, ಬೇರೆ ಮಕ್ಕಳು ಗೋಳು ಹುಯ್ದುಕೊಳ್ಳುತ್ತಿದ್ದರೂ ಯಾರೂ ಕೇಳುವುದಿಲ್ಲ, ಓದಲು ಕಷ್ಟಪಡುವ ಮಗುವಿಗೆ ಸಹಾಯ ಸಿಗುವುದಿಲ್ಲ, ಬೆಳಿಗ್ಗೆ ಆದರೆ ಮಗುವಿಗೆ ಹೊಟ್ಟೆನೋವು ಬರುತ್ತದೆ. ಹಾಗಿದ್ದರೆ ನಾಳೆಯೇ ಹೊರಡಿ ಅನ್ನುತ್ತಿದ್ದೆ. ನಿಮ್ಮ ಪತ್ರದಲ್ಲಿ ಅಂಥದ್ದು ಒಂದೂ ಇಲ್ಲ.

ಮಗಳ ವಿಷಯಕ್ಕೆ ಬರುತ್ತೇನೆ. ಸ್ಥಳ ಬದಲಾದರೆ ಮಕ್ಕಳ ಬದುಕು ಬದಲಾಗುತ್ತದಾ ಅಂತ ಅಮೆರಿಕದಲ್ಲಿ ದೊಡ್ಡ ಪ್ರಯೋಗವೇ ನಡೆದಿದೆ. 1994ರಿಂದ 1998ರವರೆಗೆ ಐದು ನಗರಗಳಲ್ಲಿ, ತುಂಬಾ ಬಡ ಪ್ರದೇಶದಲ್ಲಿದ್ದ ಕುಟುಂಬಗಳಿಗೆ ಲಾಟರಿ ಎತ್ತಿ, ಉತ್ತಮ ಪ್ರದೇಶಕ್ಕೆ ಹೋಗಲು ಬಾಡಿಗೆ ನೆರವು ಕೊಟ್ಟರು. ಅರ್ಥಶಾಸ್ತ್ರಜ್ಞ ರಾಜ್ ಚೆಟ್ಟಿ ಮತ್ತು ಜೊತೆಗಾರರು ಆ ಮಕ್ಕಳು ದೊಡ್ಡವರಾದ ಮೇಲೆ ಏನಾದರು ಅಂತ ಹುಡುಕಿ 2016ರಲ್ಲಿ ಬರೆದರು. 13 ತುಂಬುವ ಮೊದಲು ಮನೆ ಬದಲಾಯಿಸಿದವರಿಗೆ ಮುಂದೆ ಒಳ್ಳೆಯದಾಗಿತ್ತು, ನೆರವು ಸಿಗದವರಿಗಿಂತ ಅವರ ಗಳಿಕೆ ಸುಮಾರು 31 ಶೇಕಡಾ ಜಾಸ್ತಿಯಾಗಿತ್ತು. 13 ದಾಟಿದ ಮೇಲೆ ಹೋದವರಿಗೆ ಆ ಲಾಭ ಸಿಗಲಿಲ್ಲ, ಸ್ವಲ್ಪ ನಷ್ಟವೇ ಆದಂತೆ ಕಂಡಿತು. ಹಳೆಯ ನಂಟು ಕಡಿದುಹೋದದ್ದು ಕಾರಣ ಇರಬಹುದು ಅಂತ ಅವರ ಊಹೆ. ನಿಮ್ಮದು ಕಡುಬಡತನದ ಕಥೆಯಲ್ಲ, ಆದ್ದರಿಂದ ಆ ಅಂಕಿಯನ್ನು ನಿಮ್ಮ ಮನೆಗೆ ತಂದು ಅಂಟಿಸಬೇಡಿ. ಆದರೆ ಆರು ವರ್ಷದವನ ಸ್ಥಳ ಬದಲಾವಣೆ ಬೇರೆ, ಹದಿಮೂರರವಳದ್ದು ಬೇರೆ. ಅವನು ಹೊಸ ಮೈದಾನದಲ್ಲಿ ಎರಡು ದಿನಕ್ಕೆ ಸ್ನೇಹಿತರನ್ನು ಹುಡುಕಿಕೊಳ್ಳುತ್ತಾನೆ. ಅವಳಿಗೆ ಅವಳ ಗೆಳತಿಯರೇ ಅರ್ಧ ಪ್ರಪಂಚ. ನಡುವಿನ ತರಗತಿಗೆ ಹೊಸಬಳಾಗಿ ಹೋಗಿ, ಆಗಲೇ ಕಟ್ಟಿಕೊಂಡಿರುವ ಗುಂಪುಗಳ ಅಂಚಿನಲ್ಲಿ ಊಟದ ಡಬ್ಬಿ ಹಿಡಿದು ನಿಲ್ಲುವುದು ಸಣ್ಣ ವಿಷಯ ಅಂತ ನಮಗೆ ಅನ್ನಿಸಬಹುದು. ನಿಮ್ಮ ಹದಿಮೂರನೇ ವರ್ಷ ನೆನಪು ಮಾಡಿಕೊಳ್ಳಿ.

ಅವಳನ್ನು ಕೇಳಿದ್ದೀರಾ? ಅವಳಿಗೆ ಹೋಗಲು ಇಷ್ಟ ಇರಲೂಬಹುದು. ಆ ವಯಸ್ಸಿನಲ್ಲಿ ಕೆಲವು ಮಕ್ಕಳು ಹೊಸ ಜಾಗಕ್ಕೆ ಕಾಯುತ್ತಿರುತ್ತಾರೆ, ಹಳೆಯ ಶಾಲೆಯಲ್ಲಿ ಏನಾದರೂ ನೋವು ನುಂಗಿಕೊಂಡಿರುತ್ತಾರೆ. ಹಾಗಿದ್ದರೆ ನನ್ನ ಉತ್ತರವೇ ಬದಲಾಗುತ್ತದೆ. ‘ಹೋಗೋಣ ಅಲ್ವಾ?’ ಅಂತ ಮಾತ್ರ ಕೇಳಬೇಡಿ, ಅದಕ್ಕೆ ‘ಹೂಂ’ ಬಿಟ್ಟು ಬೇರೆ ಉತ್ತರ ಇಲ್ಲ. ‘ಹೋದರೆ ನೀನು ಏನು ಕಳೆದುಕೊಳ್ಳುತ್ತೀಯ?’ ಅಂತ ಕೇಳಿ. ಕೇಳಿ ಸುಮ್ಮನಿರಿ. ಸಮಾಧಾನ ಹೇಳುವ ಅವಸರ ಬೇಡ.

ಅಪ್ಪನ ಬಗ್ಗೆ ನೀವು ಬರೆದದ್ದು ಓದಿ ನನಗೆ ಸಂಕಟ ಆಯಿತು. ವಾರಕ್ಕೊಮ್ಮೆ ಬರಬಹುದು ಅಂತೀರಿ. ಬರುತ್ತೀರಿ, ಮೊದಲ ಮೂರು ತಿಂಗಳು. ಅವರು ಬೀಳುವುದು ಭಾನುವಾರವೇ ಆಗಬೇಕೆಂದಿಲ್ಲ. ಅವರನ್ನೂ ಕರೆದುಕೊಂಡು ಹೋಗುವುದಾದರೆ ಅವರಿಗೆ ಗೊತ್ತಿರುವ ಬೀದಿ, ಸಂಜೆ ಜೊತೆಗೆ ನಡೆಯುವವರು, ಅವರ ಮಂಡಿಯ ಇತಿಹಾಸ ಬಾಯಿಪಾಠ ಇರುವ ಡಾಕ್ಟರು, ಎಲ್ಲ ಇಲ್ಲೇ ಉಳಿಯುತ್ತಾರೆ. ಇನ್ನೊಂದು ವಿಷಯ. ಅಪ್ಪ ನಿಮಗೆ ಸಹಾಯ ಮಾಡುತ್ತಿದ್ದಾರೆ ಅಂತ ನೀವು ಅಂದುಕೊಂಡಿದ್ದೀರಿ. 74ರಲ್ಲಿ ಒಬ್ಬರೇ ಇರುವವರಿಗೆ ಮೂರು ಗಂಟೆಗೆ ಚಪ್ಪಲಿ ಹಾಕಿಕೊಂಡು ಹೊರಡಲು ಒಂದು ಕಾರಣ ಇರುವುದು ಎಷ್ಟು ದೊಡ್ಡದು! ಆ ನಡಿಗೆ ನಿಂತರೆ ಮಂಡಿಗೂ ಒಳ್ಳೆಯದಾಗಲಿಕ್ಕಿಲ್ಲ.

ನಿಮ್ಮ ಕೆಲಸ. ಅದನ್ನು ಬಿಟ್ಟರೆ ಒಬ್ಬರ ಸಂಬಳದಲ್ಲಿ ಎರಡು ಶುಲ್ಕ, ಒಂದು ಸಾಲ. ಐದು ವರ್ಷ ಆದ ಮೇಲೆ ಮತ್ತೆ ಸೇರಲು ಹೋದರೆ ಇದೇ ಜಾಗ ಸಿಗುತ್ತದಾ? ಕೆಲಸ ಬಿಡಲು ನಿಮಗೇ ಮನಸ್ಸಿದ್ದರೆ ಅದು ಬೇರೆ ಮಾತು, ಖುಷಿಯಿಂದ ಬಿಡಿ. ಆದರೆ ‘ಬೇಕಾದರೆ’ ಅಂದಿದ್ದೀರಿ. ಯಾರಿಗೆ ಬೇಕಾದರೆ?

ಗಂಡ ‘ನಿನ್ನಿಷ್ಟ’ ಅಂದದ್ದನ್ನು ನಾನು ಒಪ್ಪಿಗೆ ಅಂತ ಓದುವುದಿಲ್ಲ. ಆಮೇಲೆ ಎಡವಟ್ಟಾದರೆ ‘ನೀನೇ ಹೇಳಿದ್ದು’ ಅನ್ನಲು ಬಾಗಿಲು ತೆರೆದಿಟ್ಟ ಹಾಗೆ ಅದು. ಅವರಿಗೆ ಒಂದು ಕೆಲಸ ಕೊಡಿ. ಬರುವ ಮಂಗಳವಾರ ಬೆಳಿಗ್ಗೆ ಆ ಬಡಾವಣೆಗೆ ಹೋಗಿ, ಆಫೀಸಿನ ಸಮಯಕ್ಕೆ ಸರಿಯಾಗಿ ಅಲ್ಲಿಂದ ಹೊರಟು ಆಫೀಸು ತಲುಪಲಿ. ಸಂಜೆ ಅದೇ ದಾರಿಯಲ್ಲಿ ವಾಪಸ್ ಅಲ್ಲಿಗೇ ಹೋಗಿ, ಆಮೇಲೆ ಮನೆಗೆ ಬರಲಿ. ಭಾನುವಾರ ಕಾರಿನಲ್ಲಿ ಸುತ್ತಿ ಬಂದರೆ ಅದು ಲೆಕ್ಕಕ್ಕಿಲ್ಲ. ಗುರುವಾರ ನೀವು ಹೋಗಿ. ವಾರದ ಕೊನೆಗೆ ಇಬ್ಬರೂ ಕೂತು ಮಾತಾಡಿ. ಆಗಲೂ ‘ನಿನ್ನಿಷ್ಟ’ ಅಂದರೆ ನನಗೆ ಇನ್ನೊಂದು ಪತ್ರ ಬರೆಯಿರಿ, ಆಗ ಅದು ಶಾಲೆಯ ಪ್ರಶ್ನೆಯಾಗಿರುವುದಿಲ್ಲ.

ಇಷ್ಟೆಲ್ಲ ಆದ ಮೇಲೂ ಎಲ್ಲರಿಗೂ ಹೋಗುವ ಮನಸ್ಸಿದ್ದರೆ ಹೋಗಿ, ಆದರೆ ಬಾಡಿಗೆಗೆ. ಒಂದು ವರ್ಷ ಇದ್ದು ನೋಡಿ. ಬಾಡಿಗೆ ಮನೆ ಖಾಲಿ ಮಾಡುವುದು ಸುಲಭ, ಇಪ್ಪತ್ತು ವರ್ಷದ ಸಾಲ ಖಾಲಿ ಮಾಡುವುದು ಕಷ್ಟ. ಹೋಗದಿದ್ದರೆ ಬಾಗಿಲು ಶಾಶ್ವತವಾಗಿ ಮುಚ್ಚಿತು ಅಂತಲೂ ಅಲ್ಲ. ಮಗಳು ಈ ಶಾಲೆಯ ಓದು ಮುಗಿಸುವ ಹೊತ್ತಿಗೆ ಮಗನಿಗೆ ಒಂಬತ್ತೋ ಹತ್ತೋ ಆಗಿರುತ್ತದೆ. ಆಗ ಹೊಸ ಜಾಗ ಅವನಿಗೂ ಕಷ್ಟವಲ್ಲ. ಅಪ್ಪನ ಆರೋಗ್ಯ ಹೇಗಿದೆ ಅನ್ನುವುದೂ ಗೊತ್ತಾಗಿರುತ್ತದೆ. ನಡುವೆ ಸೇರಿಸಿಕೊಳ್ಳುತ್ತಾರಾ, ಯಾವ ತರಗತಿಗೆ, ಯಾವಾಗ ಅರ್ಜಿ ಹಾಕಬೇಕು ಅಂತ ಆ ಶಾಲೆಯವರನ್ನೇ ಈಗ ಕೇಳಿಟ್ಟುಕೊಳ್ಳಿ.

ಅಕ್ಕನಿಗೆ ಏನು ಹೇಳುವುದು ಅಂತಲೂ ಪತ್ರದ ಕೊನೆಗೆ ಕೇಳಿದ್ದಿರಿ, ಅದನ್ನು ಮೇಲೆ ಹಾಕಿಲ್ಲ. ‘ಈ ವರ್ಷ ಆಗಲಿಲ್ಲ’ ಅನ್ನಿ ಸಾಕು. ಮೂರು ವಾರದಲ್ಲಿ ಒಂದು ವಾರ ಈ ಪತ್ರ ಬರೆದು ಉತ್ತರ ಕಾಯುವುದರಲ್ಲೇ ಕಳೆದಿರುತ್ತದೆ. ಮಂಗಳವಾರದ ಪ್ರಯಾಣ ತಪ್ಪಿಸಬೇಡಿ. ಮಗಳನ್ನು ಅದಕ್ಕೂ ಮೊದಲೇ ಕೇಳಿ, ಇವತ್ತು ರಾತ್ರಿಯೇ ಆದರೂ ಸರಿ.