ಒಂದೇ ಲಂಟಾನ ಗೊಂಚಲಲ್ಲಿ ಹಳದಿ ಹೂವೂ ಗುಲಾಬಿ ಹೂವೂ ಹೇಗೆ?

ನೀವು ಕೇಳಿರುವುದು ಎರಡು ಪ್ರಶ್ನೆ. ಬೇಲಿಯ ಲಂಟಾನದಲ್ಲಿ ಒಂದೇ ಗೊಂಚಲಿನ ನಡುವೆ ಹಳದಿ, ಸುತ್ತ ಗುಲಾಬಿ ಹೂಗಳಿವೆ, ಇದು ಎರಡು ಗಿಡ ಹೆಣೆದುಕೊಂಡಿದ್ದೋ ತಳಿ ಬೆರಕೆಯೋ ಎಂಬುದು ಮೊದಲನೆಯದು. ಗುಲಾಬಿ ಹೂವಿನ ಬೀಜ ಹಾಕಿದರೆ ಬರೀ ಗುಲಾಬಿ ಹೂ ಬಿಡುವ ಗಿಡ ಬರುತ್ತದೆಯೇ ಎಂಬುದು ಎರಡನೆಯದು.

ಗಿಡ ಒಂದೇ. ಹಳದಿಯದು ಇವತ್ತು ಅರಳಿದ ಹೂ, ಗುಲಾಬಿಯದು ಮೊನ್ನೆಯದು. ಲಂಟಾನದ ಗೊಂಚಲು ಹೊರಸುತ್ತಿನಿಂದ ಒಳಕ್ಕೆ ಅರಳುತ್ತಾ ಹೋಗುತ್ತದೆ, ಹಾಗಾಗಿ ಹಳೆಯ ಹೂಗಳು ಯಾವಾಗಲೂ ಅಂಚಿನಲ್ಲಿ, ಹೊಸವು ನಡುವೆ. ನಾನು ಕಾಲೇಜಿನಲ್ಲಿ ಸಸ್ಯಶಾಸ್ತ್ರ ಪಾಠ ಮಾಡುವವನು, ಹುಡುಗರಿಗೆ ಇದನ್ನು ಬೋರ್ಡಿನ ಮೇಲೆ ವಿವರಿಸುವುದನ್ನೇ ಬಿಟ್ಟಿದ್ದೇನೆ. ಒಂದು ಗೊಂಚಲಿಗೆ ದಾರ ಕಟ್ಟಿ, ಇವತ್ತೊಂದು ಫೋಟೋ, ನಾಡಿದ್ದೊಂದು ಫೋಟೋ ತೆಗೆದುಕೊಂಡು ಬನ್ನಿ ಅಂದರೆ ಮುಗಿಯಿತು. ಒಂದು ಎಚ್ಚರಿಕೆ ಮಾತ್ರ: ಈ ಪೊದೆಯಲ್ಲಿ ಹಳದಿ ಗುಲಾಬಿಗೆ ತಿರುಗುತ್ತದೆ, ಪಕ್ಕದ ಪೊದೆಯಲ್ಲಿ ಕಿತ್ತಳೆ ಕೆಂಪಿಗೆ ತಿರುಗುತ್ತದೆ ಅಂತ ಕಂಡರೆ ಅದು ಬೇರೆ ವಿಷಯ. ಪೊದೆಯಿಂದ ಪೊದೆಗಿರುವ ಆ ವ್ಯತ್ಯಾಸ ವಂಶದಿಂದ ಬಂದದ್ದು. ಇದು ಅಮೆರಿಕದ ಉಷ್ಣವಲಯದ ಗಿಡ. ತೋಟದ ಅಂದಕ್ಕೆಂದು ಹಲವು ಬಣ್ಣಗಳ ತಳಿ ಬೆಳೆಸಿ, ಬೆರೆಸಿ, ಊರೂರಿಗೆ ಒಯ್ದರು. 19ನೇ ಶತಮಾನದ ಮೊದಲಲ್ಲಿ ಕಲ್ಕತ್ತೆಯ ಸಸ್ಯೋದ್ಯಾನಕ್ಕೆ ಬಂದದ್ದು ಈಗ ಬಂಡೀಪುರದಲ್ಲಿ ಆನೆಗೂ ದಾರಿ ಬಿಡದಷ್ಟು ಹಬ್ಬಿದೆ.

ಹೂ ಯಾಕೆ ಬಣ್ಣ ಬದಲಿಸುತ್ತದೆ ಎಂಬುದು ಇನ್ನೂ ಸೊಗಸಾದ ಕತೆ. ಬ್ರೆಜಿಲ್‌ನಲ್ಲಿ ನೆಲೆಸಿದ್ದ ಜರ್ಮನ್ ನಿಸರ್ಗತಜ್ಞ ಫ್ರಿಟ್ಜ್ ಮ್ಯುಲ್ಲರ್ 1877ರಲ್ಲೇ ಇದನ್ನು ಕಂಡು ಬರೆದಿದ್ದ. ಅಲ್ಲಿನ ಲಂಟಾನದ ಹೂ ಮೊದಲ ದಿನ ಹಳದಿ, ಎರಡನೇ ದಿನ ಕಿತ್ತಳೆ, ಮೂರನೇ ದಿನ ನೇರಳೆ. ಕೆಲವು ಚಿಟ್ಟೆಗಳು ಹಳದಿ, ಕಿತ್ತಳೆ ಎರಡಕ್ಕೂ ಸೊಂಡಿಲು ಹಾಕಿದವು, ಕೆಲವು ಹಳದಿಗೆ ಮಾತ್ರ. ನೇರಳೆಯನ್ನು ಯಾವುದೂ ಮುಟ್ಟಲಿಲ್ಲ. ಮುಟ್ಟಿ ಏನು ಮಾಡುತ್ತವೆ? ಮಕರಂದ ಇರುವುದು ಹೊಸ ಹೂವಿನಲ್ಲಿ. ಹಾಗಾದರೆ ಗಿಡ ಹಳೆಯದನ್ನು ಉದುರಿಸಬಾರದೇ ಅಂತ ಕೇಳಬಹುದು. ಉದುರಿಸಿದರೆ ಗೊಂಚಲು ಚಿಕ್ಕದಾಗಿ ದೂರಕ್ಕೆ ಕಾಣುವುದಿಲ್ಲ. ಉಳಿಸಿಕೊಂಡರೆ ದೂರದ ಚಿಟ್ಟೆಗೆ ದೊಡ್ಡ ಬಣ್ಣದ ಗುಡ್ಡೆ ಕಾಣುತ್ತದೆ, ಹತ್ತಿರ ಬಂದ ಮೇಲೆ ಯಾವುದರಲ್ಲಿ ಊಟವಿದೆ ಎಂದು ಬಣ್ಣವೇ ಹೇಳುತ್ತದೆ. ಮಾರ್ಥಾ ವೈಸ್ ಎಂಬ ಅಮೆರಿಕದ ವಿಜ್ಞಾನಿ 1991ರಲ್ಲಿ ಇದನ್ನು ಚೆನ್ನಾಗಿ ತೋರಿಸಿದರು. ಹೂ ಹೀಗೆ ಬಣ್ಣ ತಿರುಗುವುದು 70ಕ್ಕೂ ಹೆಚ್ಚು ಸಸ್ಯಕುಟುಂಬಗಳಲ್ಲಿ ಇದೆ. ಮಲೆನಾಡಿನ ಬೇಲಿಗಳಲ್ಲಿ ಮಳೆಗಾಲಕ್ಕೆ ಬರುವ ಗೌರಿ ಹೂ, ಅದೇ ಅಗ್ನಿಶಿಖೆ, ಹಸಿರು ಮಿಶ್ರಿತ ಹಳದಿಯಿಂದ ಪೂರ್ತಿ ಕೆಂಪಿಗೆ ತಿರುಗುವುದನ್ನು ನೀವು ನೋಡಿಯೇ ಇರುತ್ತೀರಿ.

ಬಣ್ಣದ ರಸಾಯನಶಾಸ್ತ್ರದಲ್ಲಿ ನಮ್ಮವರೊಬ್ಬರ ಕೆಲಸವಿದೆ, ಹೇಳದೆ ಇರಲಾರೆ. ದಿಲ್ಲಿ ವಿಶ್ವವಿದ್ಯಾಲಯದಲ್ಲಿದ್ದ ಎಚ್.ವೈ. ಮೋಹನ್ ರಾಮ್ ಮೈಸೂರಿನವರು, ಇಂದಿರಾ ಗಾಂಧಿಯವರ ಮಾಧ್ಯಮ ಸಲಹೆಗಾರರಾಗಿದ್ದ ಎಚ್.ವೈ. ಶಾರದಾಪ್ರಸಾದರ ತಮ್ಮ. ಅವರೂ ಗೀತಾ ಮಾಥುರ್ ಅವರೂ ಲಂಟಾನದ ಮೇಲೆ 1978 ಮತ್ತು 1984ರಲ್ಲಿ ಪ್ರಬಂಧ ಬರೆದರು. ಹಳದಿಗೆ ಕಾರಣ ಕ್ಯಾರೋಟಿನ್ ಎಂಬ ಬಣ್ಣದ ವಸ್ತು, ಆಮೇಲೆ ಬರುವ ಕೆಂಪಿಗೆ ಆಂಥೋಸಯನಿನ್ ಎಂಬ ಇನ್ನೊಂದು. ಪರಾಗಸ್ಪರ್ಶ ಆಗುವುದೇ ಈ ಎರಡನೇ ಬಣ್ಣದ ತಯಾರಿಕೆಗೆ ಚಾಲನೆ ಕೊಡುತ್ತದೆ ಎಂದು ಅವರು ತೋರಿಸಿದರು. ಅಂದರೆ ನಾನು ಮೇಲೆ ‘ಮೊನ್ನೆಯ ಹೂ’ ಅಂದದ್ದು ಅರ್ಧ ಮಾತು. ‘ಕೆಲಸ ಮುಗಿಸಿದ ಹೂ’ ಅಂದರೆ ಪೂರ್ತಿಯಾಗುತ್ತದೆ. ಅವರು ನೋಡಿದ ಲಂಟಾನದಲ್ಲಿ ಪರಾಗ ಸಾಗಿಸುತ್ತಿದ್ದದ್ದು ಚಿಟ್ಟೆಯೂ ಅಲ್ಲ, ಕಣ್ಣಿಗೆ ಸರಿಯಾಗಿ ಕಾಣದ ಥ್ರಿಪ್ಸ್ ಹುಳ!

ಆದರೆ ಒಂದೇ ಗಿಡದ ಹೂಗಳು ಬೇರೆಬೇರೆ ಆಗಲು ವಯಸ್ಸೊಂದೇ ಕಾರಣವಲ್ಲ. ಒಂದೇ ದಿನ ಅರಳಿದರೂ ಬೇರೆ ಕೆಲಸಕ್ಕೆಂದೇ ಹುಟ್ಟಿದ ಹೂಗಳಿರುತ್ತವೆ. ಕಾಡುಮಾವಿನ ಒಂದು ಗೊಂಚಲನ್ನು ಲೆನ್ಸ್ ಹಿಡಿದು ನೋಡಿ, ಕೆಲವು ಬರೀ ಗಂಡು, ಕೆಲವು ದ್ವಿಲಿಂಗಿ, ಅಂದರೆ ಗಂಡು ಹೆಣ್ಣು ಎರಡೂ ಭಾಗಗಳಿದ್ದು ಕಾಯಿ ಕಟ್ಟಬಲ್ಲವು. ಕಾಯಿ ಬೆಳೆಸುವುದು ಮರಕ್ಕೆ ದುಬಾರಿ, ಗಂಡು ಹೂ ಅಗ್ಗ.

ಈ ವಿಷಯದಲ್ಲಿ ನನ್ನ ಮೆಚ್ಚಿನ ಗಿಡ ಮಾವೂ ಅಲ್ಲ, ಲಂಟಾನವೂ ಅಲ್ಲ. ಬೆರಕೆ ಸೊಪ್ಪಿನ ಸಾರಿಗೆ ಹೊಲದ ಬದುವಿನಿಂದ ಕಿತ್ತು ತರುವ ಕನ್ನೆ ಸೊಪ್ಪು, ಕೊಮೆಲೈನಾ ಬೆಂಗಾಲೆನ್ಸಿಸ್. ಬೆಳಿಗ್ಗೆ ಅರಳಿ ಮಧ್ಯಾಹ್ನದೊಳಗೆ ಮುದುಡುವ ನೀಲಿ ಹೂ. ಎಲೆ ಮಡಿಚಿದಂತಿರುವ ಹಸಿರು ಒರೆಯೊಳಗಿಂದ ಒಂದೊಂದೇ ಹೊರಬರುತ್ತದೆ. ಅದರಲ್ಲೂ ಕೆಲವು ಗಂಡು, ಕೆಲವು ದ್ವಿಲಿಂಗಿ. ಒಂದೇ ಹೂವಿನೊಳಗೆ ಕೇಸರಗಳೂ ಒಂದೇ ಥರ ಇಲ್ಲ: ಪರಾಗದ ನಿಜವಾದ ಕೆಲಸ ಮೂರಕ್ಕೆ, ಉಳಿದವು ಹಳದಿಯಾಗಿ ಮಿನುಗುತ್ತಾ ಹುಳಗಳನ್ನು ಕರೆಯುತ್ತವೆ. ಈ ಹೂವಿನಲ್ಲಿ ಮಕರಂದವೇ ಇಲ್ಲ, ಆ ಹಳದಿಯೇ ಆಮಿಷ.

ಇದಿಷ್ಟು ಮೇಲಿನದು. ಗಿಡವನ್ನು ಬೇರುಸಮೇತ ಮೆತ್ತಗೆ ಎಬ್ಬಿಸಿ ಮಣ್ಣು ತೊಳೆದರೆ ಬುಡದಲ್ಲಿ ಮಣ್ಣೊಳಗೇ ಹರಿದ ಬಿಳಿ ಕೊಂಬೆಗಳು ಕಾಣುತ್ತವೆ. ಅವುಗಳ ಮೇಲೆ ಹೂವಿವೆ! ನೀಲಿ ಇಲ್ಲ, ಅರಳುವುದೂ ಇಲ್ಲ. ಮುಚ್ಚಿದ ಮೊಗ್ಗಿನೊಳಗೇ ತನ್ನ ಪರಾಗ ತನಗೇ ತಾಗಿ ಕಾಯಿ ಕಟ್ಟುತ್ತದೆ. ನೆಲದ ಮೇಲಿನ ಕಾಯಿಯಲ್ಲಿ ಸಾಮಾನ್ಯವಾಗಿ ಐದು ಬೀಜ, ಒಂದು ದೊಡ್ಡದು, ನಾಲ್ಕು ಸಣ್ಣವು. ನೆಲದೊಳಗಿನದರಲ್ಲಿ ಮೂರು, ಒಂದು ದೊಡ್ಡದು, ಎರಡು ಸಣ್ಣವು. ಒಂದೇ ಗಿಡದಿಂದ ನಾಲ್ಕು ಬಗೆಯ ಬೀಜ. ಮಣ್ಣೊಳಗಿನ ದೊಡ್ಡ ಬೀಜ ಬೇಗ ಮೊಳೆತು ತಾಯಿ ನಿಂತಿದ್ದ ಜಾಗವನ್ನೇ ಹಿಡಿಯುತ್ತದೆ, ಮೇಲಿನ ಸಣ್ಣ ಬೀಜ ಬಹುಕಾಲ ನಿದ್ದೆ ಮಾಡುತ್ತದೆ. ರಾಗಿ ಹೊಲದಲ್ಲಿ ಕಳೆ ತೆಗೆದಷ್ಟೂ ಇದು ಯಾಕೆ ಬರುತ್ತದೆ ಅಂತ ಬೈಯುವವರಿಗೆ ಉತ್ತರ ಇಲ್ಲೂ ಇದೆ. (ಕಿತ್ತು ಬದುವಿನ ಮೇಲೆ ಎಸೆದ ತುಂಡೂ ಗೆಣ್ಣಿನಲ್ಲಿ ಬೇರು ಬಿಡುತ್ತದೆ, ಅದು ಬೇರೆ ಸಂಕಟ.) ಮೋಹನ್ ರಾಮ್ ಅವರಿದ್ದ ವಿಭಾಗದ ಮುಖ್ಯಸ್ಥರಾಗಿದ್ದ ಪಂಚಾನನ ಮಹೇಶ್ವರಿ, ಜೆ.ಕೆ. ಮಹೇಶ್ವರಿ ಅವರ ಜೊತೆ 1955ರಲ್ಲೇ ಇದರ ಎರಡು ಬಗೆಯ ಹೂಗಳನ್ನು ಕುರಿತು ಬರೆದಿದ್ದರು.

ಇದುವರೆಗಿನ ಯಾವ ಉದಾಹರಣೆಯಲ್ಲೂ ಹೂವಿನಿಂದ ಹೂವಿಗೆ ಜೀನ್ ಬದಲಾಗಿಲ್ಲ. ಅದೇ ಜೀನ್‌ಗಳು ಒಂದು ಕಡೆ ಒಂದು ಥರ, ಇನ್ನೊಂದು ಕಡೆ ಇನ್ನೊಂದು ಥರ ಕೆಲಸ ಮಾಡುತ್ತವೆ. ನೀವು ಊಹಿಸಿದ ‘ತಳಿ’ಯ ವ್ಯತ್ಯಾಸ ಒಂದೇ ಗಿಡದಲ್ಲಿ ನಿಜಕ್ಕೂ ನೋಡಬೇಕೆಂದರೆ ಸಂಜೆಮಲ್ಲಿಗೆಯ ಹತ್ತಿರ ಹೋಗಿ. ಹಿತ್ತಿಲಿನಿಂದ ಓಡಿಹೋಗಿ ರಸ್ತೆಬದಿಯಲ್ಲೂ ಕಾಡಾಗಿ ಬೆಳೆಯುತ್ತದೆ. ಒಂದೇ ಗಿಡದಲ್ಲಿ ಹಳದಿ ಹೂ, ಕೆಂಪು ಹೂ, ಅರ್ಧರ್ಧ ಹೂ, ಗೀಟುಗೀಟಿನ ಹೂ, ಎಲ್ಲವೂ ಅದೇ ಸಂಜೆ ಅರಳಿದ್ದು. ಅಲ್ಲಿ ಕೆಂಪು ಬಣ್ಣ ತಯಾರಿಸಲು ಬೇಕಾದ ಜೀನ್‌ನೊಳಗೆ ಜಿಗಿಯುವ ಜೀನ್, ಅಂದರೆ ಜಾಗ ಬದಲಿಸುತ್ತಾ ಹೋಗುವ ಡಿಎನ್‌ಎ ತುಣುಕು, ಒಂದು ಹೊಕ್ಕು ಕೂತಿರುತ್ತದೆ; ಅದು ಕೂತಿರುವಷ್ಟು ಕಾಲ ಕೆಂಪು ತಯಾರಾಗದೆ ಹೂ ಹಳದಿಯಾಗಿಯೇ ಉಳಿಯುತ್ತದೆ. ಗಿಡ ಬೆಳೆಯುವಾಗ ಕೆಲವು ಜೀವಕೋಶಗಳಲ್ಲಿ ಅದು ಎದ್ದುಹೋಗುತ್ತದೆ, ಆ ಕೋಶದ ಸಂತತಿಯೆಲ್ಲ ಕೆಂಪಾಗುತ್ತದೆ. ಬೇಗ ಎದ್ದರೆ ಇಡೀ ಕೊಂಬೆ ಕೆಂಪು, ತಡವಾಗಿ ಎದ್ದರೆ ದಳದಲ್ಲಿ ಒಂದು ಗೀಟು.

ಇನ್ನು ನಿಮ್ಮ ಎರಡನೇ ಪ್ರಶ್ನೆ. ಲಂಟಾನದಲ್ಲಿ ‘ಗುಲಾಬಿ ಹೂವಿನ ಬೀಜ’ ಅಂತ ಒಂದು ಇಲ್ಲವೇ ಇಲ್ಲ. ನಿಮ್ಮ ಪೊದೆಯಲ್ಲಿ ಹಣ್ಣಾದ ಹೂ ಮೊದಲು ಹಳದಿಯಾಗಿಯೇ ಇತ್ತು, ಆಮೇಲೆ ಗುಲಾಬಿಯಾಯಿತು. ದಯವಿಟ್ಟು ಅದನ್ನು ಬಿತ್ತಲೂ ಬೇಡಿ, ಆ ಕೆಲಸವನ್ನು ಹಕ್ಕಿಗಳು ಬೇಕಾದಷ್ಟು ಮಾಡುತ್ತಿವೆ. ಬಿತ್ತಿ ನೋಡುವ ಆಸೆಯಿದ್ದರೆ ಸಂಜೆಮಲ್ಲಿಗೆಯ ಕೆಂಪು ಕೊಂಬೆಯ ಬೀಜ ಒಂದು ಪೊಟ್ಟಣ, ಹಳದಿ ಕೊಂಬೆಯದು ಇನ್ನೊಂದು ಪೊಟ್ಟಣ ಮಾಡಿ, ಹೆಸರು ಬರೆದು ಬೇರೆ ಬೇರೆ ಕುಂಡದಲ್ಲಿ ಹಾಕಿ.