ಹೋದ ವರ್ಷದ ಫಸಲು, ಈ ವರ್ಷದ ತೋಟ

ಶಿರಸಿಯಿಂದ ಮಾಸ್ತರರೊಬ್ಬರು ಬರೆದಿದ್ದಾರೆ: "ಖಾಸಗಿ ಶಾಲೆಯಿಂದ 2020ರಲ್ಲಿ ನಿವೃತ್ತನಾದೆ, ಪಿಂಚಣಿ ಇಲ್ಲ. 15 ಲಕ್ಷ ರೂಪಾಯಿಯನ್ನು ಅಂಚೆ ಕಚೇರಿಯ ಹಿರಿಯ ನಾಗರಿಕರ ಉಳಿತಾಯ ಯೋಜನೆಯಲ್ಲಿ ಇಟ್ಟಿದ್ದೆ. ಮುದ್ದತು ಮುಗಿದಿದೆ. ಶೇ. 15 ಡಿವಿಡೆಂಡ್ ಇಳುವರಿಯ ಷೇರುಗಳಿರುವಾಗ ಶೇ. ಎಂಟು ಚಿಲ್ಲರೆ ಬಡ್ಡಿಗೆ ಯಾಕೆ ಕೂತಿದ್ದೀರಿ ಎನ್ನುತ್ತಾರೆ ಅಳಿಯಂದಿರು. ಏನು ಮಾಡಲಿ?"

ಮಾಸ್ತರರೇ, ತಾವು ಅಡಿಕೆ ಸೀಮೆಯವರು, ತೋಟದ ಲೆಕ್ಕದಲ್ಲೇ ಹೇಳುತ್ತೇನೆ. ಅಳಿಯಂದಿರು ಹೇಳುವ ಆ ಶೇ. 15 ಇಳುವರಿ, ಕಂಪನಿ ಹೋದ ವರ್ಷ ಷೇರುದಾರರಿಗೆ ಹಂಚಿದ ಲಾಭದ ಪಾಲನ್ನು, ಅಂದರೆ ಡಿವಿಡೆಂಡನ್ನು, ಇವತ್ತಿನ ಷೇರು ಬೆಲೆಯಿಂದ ಭಾಗಿಸಿ ಬಂದದ್ದು. ಎಲೆಚುಕ್ಕಿ ರೋಗ ಹಿಡಿದ ತೋಟವೊಂದು ಅರ್ಧ ಬೆಲೆಗೆ ಬಂದಿದೆ ಅನ್ನಿ. ಹೋದ ವರ್ಷದ ಫಸಲನ್ನು ಈ ಬೆಲೆಗೆ ಹಿಡಿದು ನೋಡಿದರೆ ಅಂಥ ತೋಟ ತಾಲ್ಲೂಕಿನಲ್ಲೇ ಸಿಗದು. ತಾವು ಕೊಳ್ಳುತ್ತೀರಾ?

ಗಣಿ ವ್ಯವಹಾರದ ವೇದಾಂತ ಕಂಪನಿಯನ್ನೇ ನೋಡಿ. 2022-23ರಲ್ಲಿ ಅದು ಐದು ಕಂತುಗಳಲ್ಲಿ ಷೇರಿಗೆ 101.50 ರೂಪಾಯಿ ಹಂಚಿತು. ಆ ಮಾರ್ಚ್ ಕೊನೆಗೆ ಷೇರಿನ ಬೆಲೆ 300ಕ್ಕಿಂತ ಕೆಳಗಿತ್ತು, ಅಂದರೆ ಇಳುವರಿ ಮೂರನೇ ಒಂದು ಭಾಗಕ್ಕೂ ಮೇಲೆ! ಸಾಲದ ಹೊರೆ ಹೊತ್ತಿದ್ದ ಲಂಡನ್ನಿನ ಮಾತೃಸಂಸ್ಥೆಗೂ ಆಗ ದುಡ್ಡು ಬೇಕಿತ್ತು. ಡಿವಿಡೆಂಡಿನ ದೊಡ್ಡ ಪಾಲು ಹೋದದ್ದು ಅಲ್ಲಿಗೇ. ಮರುವರ್ಷ ಬಂದದ್ದು 29.50. ಸಾವಿರ ಷೇರು ಇಟ್ಟವರಿಗೆ ಒಂದು ಲಕ್ಷ ಚಿಲ್ಲರೆ ಇದ್ದದ್ದು ಮೂವತ್ತು ಸಾವಿರದ ಒಳಗೆ ಇಳಿಯಿತು. ಮುಂದೆ ಷೇರಿನ ಬೆಲೆ ಏರಿತು, ಕಾದವರು ಕೆಡಲಿಲ್ಲ, ಅದನ್ನೂ ಹೇಳಬೇಕು. ಆದರೆ ಔಷಧಿ ಅಂಗಡಿಯವನು ಅಷ್ಟು ದಿನ ಕಾಯುವುದಿಲ್ಲ.

ನಂಬಿಕೆಯ ಡಿವಿಡೆಂಡ್ ಇಲ್ಲವೇ? ಇದೆ. ಸಿಗರೇಟು ಮಾರುವ ಐಟಿಸಿ ಕಂಪನಿ 2019-20ರಿಂದ ಐದು ವರ್ಷ ಷೇರಿಗೆ ಕೊಟ್ಟದ್ದು ಕ್ರಮವಾಗಿ 10.15, 10.75, 11.50, 15.50, 13.75 ರೂಪಾಯಿ. (ಸಿಗರೇಟಿನ ದುಡ್ಡು ಬೇಡ ಎನ್ನುವವರಿದ್ದಾರೆ, ಅದು ಬೇರೆ ಮಾತು.) ಇಲ್ಲಿಯೂ ಒಂದು ವರ್ಷ ಇಳಿಯಿತು, ಆದರೆ ಮನೆ ನಡುಗುವಷ್ಟಲ್ಲ.

ನಮ್ಮ ತಂದೆಯವರಲ್ಲಿ ಕರಾವಳಿಯ ಬ್ಯಾಂಕೊಂದರ ಷೇರುಗಳಿದ್ದವು. 2020ರ ಮಳೆಗಾಲದಲ್ಲಿ ಮಾಸ್ಕ್ ಕಟ್ಟಿಕೊಂಡು ಹೋಗಿ ಎರಡು ಸಲ ಪಾಸ್‌ಬುಕ್ ಎಂಟ್ರಿ ಮಾಡಿಸಿ ಬಂದರು. ಡಿವಿಡೆಂಡಿನ ಸಾಲೇ ಇಲ್ಲ. ಬ್ಯಾಂಕು ಲಾಭದಲ್ಲೇ ಇತ್ತು. ಕೊರೊನಾ ಕಾಲಕ್ಕೆ ಬಂಡವಾಳ ಕೈಯಲ್ಲಿರಲಿ ಎಂದು ರಿಸರ್ವ್ ಬ್ಯಾಂಕೇ ಆ ವರ್ಷದ ಲಾಭವನ್ನು ಹಂಚಬೇಡಿ ಎಂದಿತ್ತು. ಡಿವಿಡೆಂಡ್ ಕೊಡಲೇಬೇಕೆಂಬ ಕರಾರು ಯಾವ ಕಂಪನಿಗೂ ಇಲ್ಲ.

ತಮ್ಮ ಖಾತೆಗೆ ಈ ಐದು ವರ್ಷ ಶೇ. 7.4ರಂತೆ ಮೂರು ತಿಂಗಳಿಗೊಮ್ಮೆ 27,750 ಬಂದಿರಬೇಕು: ಏಪ್ರಿಲ್, ಜುಲೈ, ಅಕ್ಟೋಬರ್, ಜನವರಿ. 2023ರ ಏಪ್ರಿಲ್‌ನಲ್ಲಿ ಹೊಸ ಖಾತೆಗಳ ದರ 8.2 ಆಯಿತು. ಆ ದರದಲ್ಲಿ ಅದೇ 15 ಲಕ್ಷಕ್ಕೆ 30,750. ಮನೆಖರ್ಚಿನ ದುಡ್ಡು ಅಲ್ಲಿಯೇ ಇರಲಿ ಎಂಬುದು ನನ್ನ ಖಚಿತ ಅಭಿಪ್ರಾಯ. ಬೇರೆ ಉಳಿತಾಯ ಇದ್ದು, ಏಳೆಂಟು ವರ್ಷ ಮುಟ್ಟದಿದ್ದರೂ ನಡೆಯುತ್ತದೆ ಎಂದಾದರೆ ಅದರಲ್ಲಿ ಷೇರು ಕೊಳ್ಳಿ. ಬೆಲೆಯೇರಿಕೆಗೆ ಅದು ಬೇಕು ಕೂಡ. ಆಗಲೂ ಅಳಿಯಂದಿರಿಗೆ ಕೇಳಬೇಕಾದದ್ದು ಇಳುವರಿ ಎಷ್ಟು ಎಂದಲ್ಲ. ಹತ್ತು ವರ್ಷ ಏನು ಕೊಟ್ಟಿದೆ, ಕೊಟ್ಟದ್ದು ಲಾಭದಿಂದಲೋ ಸಾಲದಿಂದಲೋ ಎಂದು.

ಮುದ್ದತು ಮುಗಿದು ಎಷ್ಟು ತಿಂಗಳಾಯಿತೆಂದು ತಾವು ಬರೆದಿಲ್ಲ. ಖಾತೆ ಮುಂದುವರಿಸಲು ಒಂದು ವರ್ಷದೊಳಗೆ ಅರ್ಜಿ ಕೊಡಬೇಕು. ಇವತ್ತೇ ಪಾಸ್‌ಬುಕ್ ತೆಗೆದು ತಾರೀಖು ನೋಡಿ.