ರೆಕಾರ್ಡ್ ರೂಮ್ ಕೆಲಸಕ್ಕೆ ಬೆಲೆಯೇ ಇಲ್ವಾ?

ಪ್ರಶ್ನೆ: ನನಗೆ 28 ವರ್ಷ, ಬಿ.ಇ. ಓದಿದ್ದೇನೆ. ಎಸ್‌ಡಿಎ (ದ್ವಿತೀಯ ದರ್ಜೆ ಸಹಾಯಕ) ಆಗಿ ತಾಲ್ಲೂಕು ಕಚೇರಿಗೆ ಬಂದಾಗಿನಿಂದ ರೆಕಾರ್ಡ್ ರೂಮ್‌ನಲ್ಲೇ ಇದ್ದೇನೆ. ದಿನವಿಡೀ ದೂಳು, ಕಡತ, ಸೀನು. ಜೊತೆಗೆ ಓದಿದವರೆಲ್ಲ ಬೆಂಗಳೂರಿನಲ್ಲಿ ಒಳ್ಳೊಳ್ಳೆ ಕಂಪನಿ ಸೇರಿದ್ದಾರೆ. ಕಚೇರಿಯಲ್ಲೂ ನಮ್ಮನ್ನು ಯಾರೂ ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ. ಕೆಎಎಸ್‌ಗೆ ಓದೋಣ ಅಂದರೆ ಸಂಜೆ ಪುಸ್ತಕ ಹಿಡಿಯುವ ಮನಸ್ಸೇ ಇರುವುದಿಲ್ಲ. ಏನು ಮಾಡಲಿ?

ಉತ್ತರ: ಮೊದಲು ಆ ಸೀನಿನ ವಿಷಯ. ಹಳೆ ಕಾಗದದ ದೂಳನ್ನು ಸುಮ್ನೆ ಸಹಿಸಿಕೊಂಡು ಕೂರಬೇಡಿ. ಮಾಸ್ಕ್ ಹಾಕಿಕೊಳ್ಳಿ, ಎಕ್ಸಾಸ್ಟ್ ಫ್ಯಾನ್ ಬೇಕು ಅಂತ ತಹಶೀಲ್ದಾರರಿಗೆ ಬರೆದುಕೊಡಿ. ಬಾಯಲ್ಲಿ ಹೇಳಿದ್ದು ಮರೆತುಹೋಗುತ್ತದೆ. ಉಬ್ಬಸ ಶುರುವಾದರೆ ವೈದ್ಯರ ಚೀಟಿ ಇಟ್ಟು ಬೇರೆ ಶಾಖೆ ಕೇಳಿ, ಅದರಲ್ಲಿ ನಾಚಿಕೆಪಡುವಂಥದ್ದು ಏನೂ ಇಲ್ಲ.

ಇನ್ನು ಬೆಲೆಯ ಮಾತು. ನಿಮ್ಮ ಬಾಗಿಲಿಗೆ ಬರುವವರು ಯಾರು ನೋಡಿ. 1974ರ ಭೂಸುಧಾರಣೆ ಕಾಲದಲ್ಲಿ ಉಳುವ ಜಮೀನು ತನ್ನ ಹೆಸರಿಗೆ ಆಗಲಿ ಅಂತ ನಮೂನೆ 7ರಲ್ಲಿ ಅರ್ಜಿ ಹಾಕಿದ್ದ ಗೇಣಿದಾರ ಈಗಿರುವುದಿಲ್ಲ, ಮಗನೋ ಮೊಮ್ಮಗಳೋ ಬಂದಿರುತ್ತಾರೆ. ಮನೆಯಲ್ಲಿದ್ದ ನಮೂನೆ 10, ಅಂದರೆ ಆ ಜಮೀನಿನ ಹಕ್ಕುಪತ್ರ, ಗೆದ್ದಲು ತಿಂದಿದೆ, ದಾಯಾದಿಗಳು ಕೋರ್ಟಿಗೆ ಹೋಗಿದ್ದಾರೆ, ಆ ಅರ್ಜಿ ತೀರ್ಮಾನಿಸಿದ ಭೂನ್ಯಾಯ ಮಂಡಳಿ ಆದೇಶದ ನಕಲು ಸಿಗದಿದ್ದರೆ ವರ್ಷಗಟ್ಟಲೆ ಅಲೆದಾಟ. ಅವರಿಗೆ ಗೊತ್ತಿರುವುದು ಸರ್ವೆ ನಂಬರು, ಅಜ್ಜನ ಹೆಸರು, ಅಷ್ಟೇ. 'ಕಡತ ಲಭ್ಯವಿಲ್ಲ' ಅಂತ ಹಿಂಬರಹ ಕೊಟ್ಟು ಕಳಿಸಿದರೆ ನಿಮ್ಮನ್ನು ಯಾರೂ ಕೇಳುವುದಿಲ್ಲ. ಪಕ್ಕದ ಹೋಬಳಿಯ ಕಟ್ಟಿನಲ್ಲಿ ಸೇರಿಹೋಗಿದೆಯೇನೋ ಅಂತ ಅದನ್ನೂ ಬಿಚ್ಚಿ ನೋಡಿದರೆ ಯಾರೂ ಹೊಗಳುವುದೂ ಇಲ್ಲ. ಆದರೆ ಆ ಮನೆಯವರ ಎರಡು ಎಕರೆ ಉಳಿಯುವುದೋ ಹೋಗುವುದೋ ನೀವು ಆ ಇನ್ನೊಂದು ಕಟ್ಟು ಬಿಚ್ಚಿದಿರಾ ಇಲ್ವಾ ಅನ್ನುವುದರ ಮೇಲಿದೆ. ಇದಕ್ಕಿಂತ ದೊಡ್ಡ ಕೆಲಸ ಆ ಕಚೇರಿಯಲ್ಲಿ ಜಾಸ್ತಿ ಇಲ್ಲ, ನನ್ನ ಪ್ರಕಾರ.

ನಿಮಗೆ ಬೇಸರ ಬರುವುದು ಯಾಕೆ ಅಂದರೆ, ಅರ್ಜಿ ಬಂತು, ನಕಲು ಹೋಯಿತು, ಆಮೇಲೆ ಏನಾಯಿತು ಅಂತ ಗೊತ್ತೇ ಆಗುವುದಿಲ್ಲ. ಹಾಗಾಗಿ ಕೇಳಿ. 'ಯಾಕೆ ಬೇಕಮ್ಮ ಈ ಕಾಗದ?' ಅಂದರೆ ಸಾಕು, ಜನ ನಿಂತಲ್ಲೇ ಮನೆ ಕಥೆಯೆಲ್ಲ ಹೇಳುತ್ತಾರೆ, ಎಲ್ಲಿ ಹುಡುಕಬೇಕು ಅನ್ನುವುದೂ ಅದರಲ್ಲೇ ಸಿಗುತ್ತದೆ. ಕೆಲಸ ಆದ ಮೇಲೆ ಒಂದು ಮಾತು ತಿಳಿಸಿ ಅಂತಲೂ ಹೇಳಿ.

ಜೊತೆಗೆ ಯಾವುದಾದರೂ ಒಂದು ಊರು ಹಿಡಿದುಕೊಳ್ಳಿ. ಅದರ ಹಳೆ ಮ್ಯುಟೇಷನ್ (ಹಕ್ಕು ಬದಲಾವಣೆ) ಪುಸ್ತಕ, ಕೈಬರಹದ ಪಹಣಿ, ದರಖಾಸ್ತು (ಸರ್ಕಾರಿ ಜಮೀನು ಮಂಜೂರಾತಿ) ಕಡತ ಯಾವ ರ‍್ಯಾಕ್‌ನಲ್ಲಿವೆ ಅಂತ ಎಕ್ಸೆಲ್ ಶೀಟ್ ಮಾಡಿ. ಬಿ.ಇ. ಓದಿದವರಿಗೆ ಇದೇನು ಕಷ್ಟ ಅಲ್ಲ. ಭೂ ಸುರಕ್ಷಾ ಯೋಜನೆಯಲ್ಲಿ ಹಳೆ ಭೂದಾಖಲೆಗಳ ಸ್ಕ್ಯಾನಿಂಗ್ ಮಾಡುತ್ತಿದ್ದಾರೆ, ನಿಜ. ಆದರೆ ತಪ್ಪು ಕಟ್ಟಿನಲ್ಲಿರುವ ಕಡತ ತಪ್ಪು ಊರಿನ ಹೆಸರಲ್ಲೇ ಕಂಪ್ಯೂಟರ್ ಸೇರಿಬಿಟ್ಟರೆ ಮುಂದೆ ಹುಡುಕುವವರ ಪಾಡೇನು? ಅದನ್ನು ಈಗಲೇ ತಡೆಯಬಲ್ಲವರು ನೀವು.

ಕೆಎಎಸ್ ಆಸೆ ಬಿಡಬೇಡಿ. ಕೆಲಸವನ್ನು ಪ್ರೀತಿಸಲೇಬೇಕು ಅಂತಲೂ ಇಲ್ಲ. ಸಂಜೆ ಆಗದಿದ್ದರೆ ಬೆಳಗ್ಗೆ ಒಂದು ಗಂಟೆ ಓದಿ. ಇನಾಂ ರದ್ದತಿ, ಪೋಡಿ, ದರಖಾಸ್ತು ಅಂತ ಬೇರೆಯವರು ಗೈಡ್ ಓದಿ ತಿಳಿದುಕೊಳ್ಳುವುದನ್ನು ನೀವು ಮೂಲ ಕಾಗದದಲ್ಲೇ ನೋಡುತ್ತಿದ್ದೀರಿ, ನಾಳೆ ತಹಶೀಲ್ದಾರ್ ಆದರೆ ಇದು ದಿನಾ ಉಪಯೋಗಕ್ಕೆ ಬರುತ್ತದೆ. ಬೇರೆ ಶಾಖೆಗೂ ಹಾಕಿ ಅಂತ ಈ ವರ್ಷವೇ ಕೇಳಿ. ಸಿಕ್ಕರೆ ಹೋಗಿ, ಆದರೆ ಆ ಶೀಟನ್ನು ಮುಂದೆ ಬರುವವರಿಗೆ ಒಪ್ಪಿಸಿ ಹೋಗಿ.